ನಾರ್‌ಫೋಕ್‌ನಿಂದ ದಕ್ಷಿಣಕ್ಕೆ, ಒಳನೀರಿನ ದಾರಿಯಲ್ಲಿ: ನನ್ನ ಪಟ್ಟಿಯಲ್ಲಿ ತಪ್ಪು ಎಲ್ಲಿದೆ ಹೇಳಿ

ಚುಕ್ಕಾಣಿ ಚಂದ್ರು (ಆಗಸ್ಟ್ 9)

ಎಲ್ಲರಿಗೂ ನಮಸ್ಕಾರ. ಎಂಟು ವರ್ಷದಿಂದ ನಾವಿಬ್ಬರೂ ಚೆಸಪೀಕ್ ಕೊಲ್ಲಿಯಲ್ಲೇ ಸುತ್ತುತ್ತಿದ್ದೇವೆ. ಮಾರ್ಚ್‌ನಲ್ಲಿ ನಿವೃತ್ತನಾದೆ. ಈ ಚಳಿಗಾಲ ಅಟ್ಲಾಂಟಿಕ್ ಒಳನೀರಿನ ದಾರಿ (ಇಂಟ್ರಾಕೋಸ್ಟಲ್ ವಾಟರ್‌ವೇ) ಹಿಡಿದು ಫ್ಲಾರಿಡಾಕ್ಕೆ ಹೋಗೋಣ ಅಂತ. 34 ಅಡಿಯ ಹಾಯಿದೋಣಿ, ನೀರೊಳಗೆ 5 ಅಡಿ ಇಳಿಯುತ್ತದೆ, ಕಂಬದ ತುದಿಯ ಆಂಟೆನಾ ಸೇರಿ ಎತ್ತರ 49 ಅಡಿ. ಡೀಸೆಲ್ ಎಂಜಿನ್‌ನಲ್ಲಿ ಆರಾಮವಾಗಿ ಐದೂವರೆ ನಾಟ್.

ಲೆಕ್ಕ ಹೀಗಿದೆ. ವರ್ಜೀನಿಯಾದ ನಾರ್‌ಫೋಕ್ ಸೊನ್ನೆ ಮೈಲಿ. ಮಯಾಮಿ ಸುಮಾರು 1,090. ನಾವು ಈ ಸಲ 778ನೇ ಮೈಲಿಯ ಸೇಂಟ್ ಅಗಸ್ಟೀನ್‌ವರೆಗೆ ಮಾತ್ರ. ಮಗಳು ಜಾಕ್ಸನ್‌ವಿಲ್‌ನಲ್ಲಿದ್ದಾಳೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ (ನವೆಂಬರ್ ನಾಲ್ಕನೇ ಗುರುವಾರ) ಅವಳ ಮನೆಯಲ್ಲಿ. ವಿಮೆಯವರು ನವೆಂಬರ್ 1ಕ್ಕೆ ಮುಂಚೆ ಕೆಳಗೆ ಇಳಿಯಬೇಡಿ ಅಂದಿದ್ದಾರೆ. ಆದ್ದರಿಂದ 1ಕ್ಕೆ ಹೊರಟು, ದಿನಕ್ಕೆ 50 ಮೈಲಿಯಂತೆ 16 ದಿನ. 17ನೇ ತಾರೀಕು ತಲುಪಿದರೂ ಒಂದು ವಾರ ಮಿಗುತ್ತದೆ. ದಿನ, ತಂಗುವ ಜಾಗ, ಡೀಸೆಲ್ ಎಲ್ಲ ಎಕ್ಸೆಲ್‌ನಲ್ಲಿ ಬಣ್ಣ ಬಣ್ಣವಾಗಿ ಹಾಕಿದ್ದೇನೆ. ನಮ್ಮ ಮನೆಯವರು ಅದನ್ನು ನೋಡಿ, "ಈ ಶೀಟು ಗಾಳಿಗೂ ಕಳಿಸಿದ್ದೀರಾ?" ಅಂದರು.

ಏನಾದರೂ ಬಿಟ್ಟಿದ್ದೇನೆಯೇ? ಶುರುವಿನಲ್ಲಿ ದಾರಿ ಎರಡಾಗುತ್ತದೆ: ಡಿಸ್ಮಲ್ ಸ್ವಾಂಪ್ ಕಾಲುವೆಯೋ, ವರ್ಜೀನಿಯಾ ಕಟ್ಟೋ?

ಎರಡು ಲಂಗರು (ಆಗಸ್ಟ್ 9)

ಚಂದ್ರು ಅವರೇ, ನಾವು ಈ ದಾರಿಯಲ್ಲಿ ಎರಡು ಸಲ ಹೋಗಿ ಬಂದಿದ್ದೇವೆ. ಮೊದಲು ನಿಮಗೆ ಲಾಭದ ಸುದ್ದಿ. ಈ ದಾರಿಯ ಮೈಲಿಗಲ್ಲು ನೆಲದ ಮೈಲಿ, ಅದಕ್ಕಿಂತ ಉದ್ದದ ನಾಟಿಕಲ್ (ಸಮುದ್ರದ) ಮೈಲಿ ಅಲ್ಲ. ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ. ನಿಮ್ಮ ಐದೂವರೆ ನಾಟ್ ಅಂದರೆ ಗಂಟೆಗೆ 6.3 ಮೈಲಿ. 50 ಮೈಲಿಗೆ ಎಂಟು ಗಂಟೆ ಸಾಕು.

ಇನ್ನು ನಷ್ಟದ್ದು. ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಆಮೇಲೆ ಐದು ಗಂಟೆಗೆಲ್ಲ ಸೂರ್ಯ ಮುಳುಗಿದ ಹಾಗೆಯೇ. ಕತ್ತಲಾದ ಮೇಲೆ ಆ ದಾರಿಯಲ್ಲಿ ಹೋಗಲೇಬಾರದು. ಏಡಿ ಬುಟ್ಟಿಗಳ ತೇಲುಗುಂಡು ಕಾಣುವುದಿಲ್ಲ, ಅದರ ಹಗ್ಗ ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಆ ದಿನ ಅಲ್ಲಿಗೆ ಮುಗಿಯಿತು. ಬೆಳಿಗ್ಗೆ ಮಂಜು ಹರಿಯಲು ಒಂದು ಗಂಟೆ. ಮೇಲಿಂದ ಸೇತುವೆಗಳು. ಎತ್ತರದ ಸೇತುವೆಗಳೆಲ್ಲ ಸಾಮಾನ್ಯವಾಗಿ 65 ಅಡಿ, ನಿಮಗೆ ತೊಂದರೆಯಿಲ್ಲ. ತೆರೆಯುವ ಸೇತುವೆಗಳು ನಿಮ್ಮ ಸಮಯ ನೋಡುವುದಿಲ್ಲ, ಅವುಗಳ ಸಮಯಕ್ಕೆ ನೀವು ಹೋಗಬೇಕು. ಗ್ರೇಟ್ ಬ್ರಿಡ್ಜ್ ಗಂಟೆಗೊಮ್ಮೆ. ರೈಟ್ಸ್‌ವಿಲ್ ಬೀಚ್ ಗಂಟೆಗೊಮ್ಮೆ. ಎರಡು ನಿಮಿಷ ತಡವಾದರೆ 58 ನಿಮಿಷ ಸುತ್ತು ಹಾಕುತ್ತಾ ಇರಿ. ಚಾರ್ಲ್ಸ್‌ಟನ್ ಸುತ್ತಮುತ್ತ ಆಫೀಸಿಗೆ ಹೋಗಿ ಬರುವ ಹೊತ್ತಿನಲ್ಲಿ ಸೇತುವೆ ತೆರೆಯುವುದೇ ಇಲ್ಲ. ಕಾರಿನವರಿಗೆ ಮೊದಲ ಮರ್ಯಾದೆ!

16 ದಿನ ಅಂದಿದ್ದನ್ನು 28 ಮಾಡಿಕೊಳ್ಳಿ.

ಕೆರೆದಂಡೆ (ಆಗಸ್ಟ್ 10)

ನಾನು ಮಂಡ್ಯದ ಕಡೆಯವನು, ದೋಣಿ ಇಲ್ಲ, ಸುಮ್ಮನೆ ಓದ್ತಾ ಇರ್ತೀನಿ. ದಡ್ಡ ಪ್ರಶ್ನೆ: ಪಕ್ಕದಲ್ಲೇ ಸಮುದ್ರ ಇರುವಾಗ ಈ ಕಾಲುವೆ ಯಾಕೆ?

ಎರಡು ಲಂಗರು (ಆಗಸ್ಟ್ 10)

ದಡ್ಡ ಪ್ರಶ್ನೆ ಏನಲ್ಲ. ನಾರ್ತ್ ಕೆರೋಲಿನಾದಲ್ಲಿ ಕೇಪ್ ಹ್ಯಾಟರಸ್ ಅಂತ ಒಂದು ಭೂಶಿರ. ಗಲ್ಫ್ ಸ್ಟ್ರೀಮ್ ಪ್ರವಾಹ ಅಲ್ಲಿ ದಡಕ್ಕೆ ಹತ್ತಿರ ಬಂದು ಉತ್ತರಕ್ಕೆ ಓಡುತ್ತದೆ. ಅದಕ್ಕೆ ಎದುರಾಗಿ ಉತ್ತರದ ಗಾಳಿ ಬೀಸಿದರೆ ಅಲೆಗಳು ಗೋಡೆಯಂತೆ ಏಳುತ್ತವೆ. ಅಟ್ಲಾಂಟಿಕ್‌ನ ಸ್ಮಶಾನ ಅಂತಲೇ ಆ ಜಾಗಕ್ಕೆ ಹೆಸರು. ಅದಕ್ಕೇ ಹಳಬರು ಕೊಲ್ಲಿ, ನದಿ, ಜವುಗುಗಳನ್ನು ಕಾಲುವೆ ಕಡಿದು ಒಂದಕ್ಕೊಂದು ಜೋಡಿಸಿದರು. ಡಿಸ್ಮಲ್ ಕಾಲುವೆ ತೆರೆದದ್ದು 1805ರಲ್ಲಿ, ಮಿರ್ಟಲ್ ಬೀಚ್ ಬಳಿಯ ತುಂಡು ಮುಗಿದದ್ದು 1936ರಲ್ಲಿ. 1942ರಲ್ಲಿ ಜರ್ಮನ್ ಸಬ್‌ಮರೀನ್‌ಗಳು ದಡದಿಂದ ಕಾಣುವಷ್ಟು ಹತ್ತಿರದಲ್ಲೇ ಹಡಗು ಮುಳುಗಿಸುತ್ತಿದ್ದಾಗ ಈ ಒಳದಾರಿಯ ಬೆಲೆ ಎಲ್ಲರಿಗೂ ಗೊತ್ತಾಯಿತು.

ಹುಬ್ಬಳ್ಳಿ ಹಾಯಿ (ಆಗಸ್ಟ್ 10)

ಅಲ್ರೀ ಚಂದ್ರು ಅವರ, ಹಾಯಿದೋಣಿ ಇಟ್ಕೊಂಡು 778 ಮೈಲಿ ಎಂಜಿನ್ ಬಡಕೋತ ಹೋಗೂದು ಅಂದ್ರ ಏನ್ರಿ ಇದು? ಎತ್ತು ಕಟ್ಟಿ ಚಕ್ಕಡಿನ ನಾವ ದೂಡಿಧಾಂಗ ಆತು. ನಾರ್ತ್ ಕೆರೋಲಿನಾದ ಬೋಫರ್ಟ್ ತನಕ ಒಳಗ ಹೋಗ್ರಿ, ಹ್ಯಾಟರಸ್ ದಾಟಿಧಾಂಗ ಆತು. ಮುಂದ ಒಳ್ಳೆ ಹವಾ ನೋಡಿ ಹೊರಗ ಬೀಳ್ರಿ. ಚಾರ್ಲ್ಸ್‌ಟನ್‌ದಿಂದ ಫ್ಲಾರಿಡಾದ ಫರ್ನಾಂಡಿನಾಕ್ಕ ಸುಮಾರು 150 ನಾಟಿಕಲ್ ಮೈಲಿ. ಒಂದ ಹಗಲು, ಒಂದ ರಾತ್ರಿ, ಮ್ಯಾಲೆ ನಾಕ ತಾಸು. ಜಾರ್ಜಿಯಾದ ಕೆಸರು ಪೂರಾ ತಪ್ಪತದ.

ಧಾರವಾಡದ ಬಿಸಲಾಗ ಬೆಳದಾಂವ ಸಮುದ್ರದ ಬಗ್ಗೆ ಹೇಳ್ತಾನ ಅಂತ ನಗಬ್ಯಾಡ್ರಿ. ಮೂರ ಸಲ ಹೋಗೇನಿ.

(ಇನ್ನೊಂದು ಮಾತು: ಎರಡು ಬೋಫರ್ಟ್ ಅದಾವು. ಬರಿಯೂದು ಒಂದ ಥರ. ನಾರ್ತ್ ಕೆರೋಲಿನಾದ್ದು ಬೋಫರ್ಟ್, ಸೌತ್ ಕೆರೋಲಿನಾದ್ದು ಬ್ಯೂಫರ್ಟ್. ರೇಡಿಯೋದಾಗ ತಪ್ಪಿ ಅಂದ್ರ ಮಂದಿ ತಿದ್ದತಾರ.)

ಚುಕ್ಕಾಣಿ ಚಂದ್ರು (ಆಗಸ್ಟ್ 11)

ಹುಬ್ಬಳ್ಳಿಯವರೇ, ಮನೆಯವರು ರಾತ್ರಿ ಪಾಳಿಗೆ ಒಪ್ಪುವುದಿಲ್ಲ. "ದಡ ಕಾಣುತ್ತಿರಬೇಕು, ಸಂಜೆ ಲಂಗರು ಬಿದ್ದಿರಬೇಕು" ಅನ್ನುವ ಕರಾರಿನ ಮೇಲೆಯೇ ಈ ಪ್ರಯಾಣಕ್ಕೆ ಒಪ್ಪಿಗೆ ಸಿಕ್ಕಿದ್ದು. ಆದ್ದರಿಂದ ಜಾರ್ಜಿಯಾ ಒಳಗಿಂದಲೇ. ಅಲ್ಲಿ ನಿಜವಾಗಿ ಅಷ್ಟು ಕಷ್ಟವೇ? ಸರ್ಕಾರಿ ಲೆಕ್ಕದಲ್ಲಿ ಈ ದಾರಿಯ ಆಳ 12 ಅಡಿ ಅಂತಿದೆ. ನನಗೆ ಬೇಕಿರುವುದು 5.

ಗಂಗೊಳ್ಳಿ ಮಾಣಿ (ಆಗಸ್ಟ್ 12)

ಮಾರಾಯ್ರೆ, ಆ 12 ಅಡಿ ಕಾಗದದ ಮೇಲಿನದ್ದು. ನಾರ್‌ಫೋಕಿಂದ ಫೋರ್ಟ್ ಪಿಯರ್ಸ್‌ವರೆಗೆ 12 ಇಡಬೇಕು ಅಂತ ಯೋಜನೆ. ಹೂಳೆತ್ತಲಿಕ್ಕೆ ದುಡ್ಡು ಬಂದಲ್ಲಿ ಉಂಟು, ಬಾರದಿದ್ದಲ್ಲಿ ಇಲ್ಲ. ನಾನು ಜಾರ್ಜಿಯಾದ ಸವಾನಾದಲ್ಲಿದ್ದೇನೆ, ಹುಟ್ಟಿದ್ದು ಗಂಗೊಳ್ಳಿ. ಅಪ್ಪಯ್ಯ ದೋಣಿ ನಡೆಸ್ತಿದ್ದವರು. ಅವರು ಹೇಳಿಕೊಟ್ಟದ್ದರಲ್ಲಿ ಮುಕ್ಕಾಲು ಪಾಲು ಇಲ್ಲಿ ಉಪಯೋಗಕ್ಕೆ ಬಂತು ಅಂದ್ರೆ ನಂಬುತ್ತೀರಾ?

ನಮ್ಮಲ್ಲಿ ಐದು ಹೊಳೆ ಕೂಡಿ ಪಂಚಗಂಗಾವಳಿ ಆಗಿ ಅಳಿವೆಯಲ್ಲಿ ಸಮುದ್ರ ಸೇರ್ತದೆ ಅಲ್ದಾ? ಅಳಿವೆ ಬಾಯಲ್ಲಿ ಮರಳು ಈ ವರ್ಷ ಇಲ್ಲಿದ್ದರೆ ಮುಂದಿನ ವರ್ಷ ಅಲ್ಲಿ. ಈ ಒಳನೀರಿನ ದಾರಿಯೂ ಅಳಿವೆಗಳ ಬೆನ್ನ ಹಿಂದೆ ಹೋಗುವುದು. ಪ್ರತಿ ಅಳಿವೆ ಅಡ್ಡ ಬಂದಲ್ಲಿ ಮರಳು. ನಾರ್ತ್ ಕೆರೋಲಿನಾದಲ್ಲಿ ಲಾಕ್‌ವುಡ್ಸ್ ಫಾಲಿ, ಶಲಾಟ್ ಎಲ್ಲ ಹಾಗೇ. ಹಳೆ ನಕ್ಷೆ ನಂಬಬೇಡಿ. ಆ ತಿಂಗಳು ದಾಟಿದವರ ಜಿಪಿಎಸ್ ಜಾಡು ಇಳಿಸಿಕೊಳ್ಳಿ, ಗುರುತಿನ ಬೋಯಾಗಳನ್ನು ಸರಿಸಿದ್ದರೆ ಬೋಯಾದ ಮಾತು ಕೇಳಿ.

ಜಾರ್ಜಿಯಾದ್ದು ಬೇರೆ ಕತೆ. ಊರಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಒಂದಾಳು ಎತ್ತರವನ್ನೂ ಮುಟ್ಟುವುದಿಲ್ಲ. ಇಲ್ಲಿ 7 ಅಡಿ, ಹುಣ್ಣಿಮೆ ಅಮಾವಾಸ್ಯೆಗೆ 9ರ ಹತ್ತಿರ. ಎಂತಕ್ಕೆ ಅಂದ್ರೆ ಈ ಕರಾವಳಿ ಒಳಕ್ಕೆ ಬಾಗಿದೆ, ಕೊಳವೆಗೆ ನೀರು ಹೊಯ್ದ ಹಾಗೆ ಸಮುದ್ರ ಒತ್ತಿ ಬರ್ತದೆ. ಜಾರ್ಜಿಯಾ ಒಳದಾರಿ ಸುಮಾರು 140 ಮೈಲಿ, ಹಾವಿನ ಹಾಗೆ ಸುತ್ತಿ ಸುತ್ತಿ. ಅದರಲ್ಲಿ ಮೂರು ಜಾಗ ಬರೆದುಕೊಳ್ಳಿ: 602ನೇ ಮೈಲಿಯ ಹೆಲ್ ಗೇಟ್, 655ರ ಲಿಟಲ್ ಮಡ್ ರಿವರ್, 683ರ ಹತ್ತಿರ ಜೆಕಿಲ್ ಕ್ರೀಕ್. ಒಂದು ದ್ವೀಪದ ಎರಡು ಬದಿಯಿಂದ ಬಂದ ಉಬ್ಬರದ ನೀರು ನಡುವೆ ಎಲ್ಲಿ ಸಂಧಿಸ್ತದೋ ಅಲ್ಲಿ ನೀರು ನಿಲ್ತದೆ. ನಿಂತ ನೀರು ಕೆಸರು ಬಿಡ್ತದೆ. ಅಷ್ಟೇ ಗುಟ್ಟು.

ಉಬ್ಬರದ ಆರು ಗಂಟೆಯಲ್ಲಿ ನೀರು ಒಂದೇ ಸಮ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿ: ಮೊದಲ ಗಂಟೆ ಒಂದು ಪಾಲು, ಆಮೇಲೆ ಎರಡು, ಮೂರು, ಮೂರು, ಎರಡು, ಕಡೆಗೆ ಒಂದು. ಉಬ್ಬರ ಅರ್ಧ ಏರಿದ ಮೇಲೆ ಕೆಟ್ಟ ಜಾಗಕ್ಕೆ ಬಾಯಿ ಹಾಕಿ. ತಾಗಿದರೂ ಹತ್ತು ನಿಮಿಷದಲ್ಲಿ ನೀರೇ ಎತ್ತಿ ಬಿಡ್ತದೆ. ಇಳಿತದಲ್ಲಿ ತಾಗಿದರೆ ನೀರಿಗೆ ಕೈ ಮುಗಿದು ಕೂರುವುದೇ ಕೆಲಸ.

ಪಟ್ಟಿಯಲ್ಲಿ 'ಎಂಟನೇ ದಿನ, ಬೆಳಿಗ್ಗೆ 7ಕ್ಕೆ ಹೊರಡುವುದು' ಅಂತೆಲ್ಲ ಬರೆದದ್ದು ಜಾರ್ಜಿಯಾದಲ್ಲಿ ನಡೆಯುವುದಿಲ್ಲ. ಅಲ್ಲಿ ಗಡಿಯಾರ ಚಂದ್ರನದ್ದು. (ನೀವಲ್ಲ, ಮೇಲಿನ ಚಂದ್ರ.)

ಚುಕ್ಕಾಣಿ ಚಂದ್ರು (ಆಗಸ್ಟ್ 12)

ಹನ್ನೆರಡು ಪಾಲಿನ ಲೆಕ್ಕ ಶೀಟಿಗೆ ಸೇರಿಸಿದೆ. ಹೊಸ ಕಾಲಮ್, ನೀಲಿ ಬಣ್ಣ.

ಗಂಗೊಳ್ಳಿ ಮಾಣಿ (ಆಗಸ್ಟ್ 12)

ಅಯ್ಯೋ ದೇವ್ರೆ.

ಎರಡು ಲಂಗರು (ಆಗಸ್ಟ್ 14)

ಡಿಸ್ಮಲ್ ವಿಷಯ ಕೇಳಿದ್ದಿರಿ. ಎರಡೂ ದಾರಿ ಕಡೆಗೆ ಆಲ್ಬೆಮಾರ್ಲ್ ಸೌಂಡ್ ಅನ್ನುವ ಒಳಕೊಲ್ಲಿಗೇ ಬರುತ್ತವೆ. ಡಿಸ್ಮಲ್ ಸುಂದರ. 22 ಮೈಲಿ, ಎರಡು ಲಾಕ್ (ದೋಣಿಯನ್ನು ಒಳಗಿಟ್ಟು ನೀರಿನ ಮಟ್ಟ ಏರಿಸಿ ಇಳಿಸುವ ಬಾಗಿಲುಕಟ್ಟೆ), ಎರಡು ಬದಿಯಿಂದಲೂ ಮರ ಬಾಗಿ ಚಪ್ಪರದ ಹಾಗೆ. ನೀರು ಹಾಲಿಲ್ಲದ ಚಹದ ಬಣ್ಣ, ಮರದ ತೊಗಟೆಯ ಒಗರು ಇಳಿದು ಹಾಗಾಗಿದೆ. ಅದನ್ನು ಕೈಯಲ್ಲಿ ತೋಡಿದವರಲ್ಲಿ ಹೆಚ್ಚಿನವರು ಗುಲಾಮರಾಗಿದ್ದ ಕಪ್ಪು ಜನ. ಮೊಣಕಾಲು ಮುಳುಗುವ ಜವುಗಿನಲ್ಲಿ ಹನ್ನೆರಡು ವರ್ಷ. ಅಲ್ಲಿ ಎಂಜಿನ್ ನಿಲ್ಲಿಸಿದಾಗ ನಮಗಿಬ್ಬರಿಗೂ ಮಾತು ಬರಲಿಲ್ಲ.

ಆದರೆ ಆಳ 6 ಅಡಿ ಅಂತಾರೆ, ತಳದಲ್ಲಿ ಮುಳುಗಿದ ಮರದ ದಿಮ್ಮಿಗಳು. ನಿಮ್ಮ ದೋಣಿಯ ತಳದ ಕೀಲ್‌ಗೆ ಮಿಗುವುದು ಒಂದಡಿ. ನೀರ ಮೇಲೆ ಹಸಿರು ಪಾಚಿಯಂಥ ಸಸ್ಯ ತೇಲುತ್ತದೆ, ಎಂಜಿನ್‌ಗೆ ನೀರೆಳೆಯುವ ಜಾಲರಿ ಕಟ್ಟಿಕೊಳ್ಳುತ್ತದೆ. ಅದೂ ಅಲ್ಲದೆ ಆಗಾಗ ದುರಸ್ತಿಗೆ ಮುಚ್ಚುತ್ತಾರೆ, ಹೊರಡುವ ವಾರ ವಿಚಾರಿಸಿ. ಮೊದಲ ಸಲಕ್ಕೆ ವರ್ಜೀನಿಯಾ ಕಟ್ ಹಿಡಿಯಿರಿ. ಒಂದೇ ಲಾಕ್, ಗ್ರೇಟ್ ಬ್ರಿಡ್ಜ್‌ನದ್ದು. ಎರಡು ಮೂರು ಅಡಿ ಏರಿಳಿತ, ಹೆದರುವಂಥದ್ದೇನಿಲ್ಲ. ಲಾಕ್ ದಾಟಿದ ಮೇಲೆ ಬಿಟ್ಟಿ ಧಕ್ಕೆ ಇದೆ, ರಾತ್ರಿ ಅಲ್ಲೇ ಕಟ್ಟಿ. ನಡೆದು ಹೋಗುವಷ್ಟು ದೂರದಲ್ಲಿ ದಿನಸಿ ಅಂಗಡಿ.

ಆಲ್ಬೆಮಾರ್ಲ್ ಮಾತ್ರ ಹಗುರವಾಗಿ ತಗೋಬೇಡಿ. ಅಗಲ ಇದೆ, ಆಳ ಇಲ್ಲ. ತಟ್ಟೆಯಲ್ಲಿ ನೀರು ತುಂಬಿ ಅಲ್ಲಾಡಿಸಿದ ಹಾಗೆ ಗಿಡ್ಡ, ಚೂಪು ಅಲೆ. 15 ನಾಟ್ ಗಾಳಿಗೇ ಪಾತ್ರೆಯೆಲ್ಲ ನೆಲಕ್ಕೆ. ಅದನ್ನು ದಾಟಿದ ಕೂಡಲೇ ಅಲಿಗೇಟರ್ ನದಿಯ ತಿರುಗು ಸೇತುವೆ, ಗಾಳಿ ಜೋರಿದ್ದರೆ ಅದನ್ನು ತೆರೆಯುವುದಿಲ್ಲ. ಹಾಗಾದಾಗ ಹಿಂದೆ ಸೌಂಡು, ಮುಂದೆ ಮುಚ್ಚಿದ ಸೇತುವೆ! ಸೌಂಡಿಗೆ ಮುಂಚೆ ಸಿಗುವ ಕಾಯಿನ್‌ಜಾಕ್‌ನಲ್ಲಿ ಕೂತು ಹವಾಮಾನ ನೋಡಿ. ಅಲ್ಲಿ ಎಲ್ಲರೂ ಮಾಂಸ ತಿನ್ನಲು ನಿಲ್ಲುತ್ತಾರೆ. ನಾವು ಬೇಯಿಸಿದ ಆಲೂಗಡ್ಡೆ ತಿಂದೆವು.

ಕೆರೆದಂಡೆ (ಆಗಸ್ಟ್ 15)

ನೀರಲ್ಲಿ ದಾರಿ ತೋರಿಸೋ ಕೆಂಪು ಹಸಿರು ಗುರುತು ಯಾವ ಕಡೆ ಇಟ್ಕೋಬೇಕು? ದೋಣಿ ಇಲ್ಲದವನಿಗೆ ಯಾಕೆ ಅಂತ ಕೇಳಬೇಡಿ.

ಗಂಗೊಳ್ಳಿ ಮಾಣಿ (ಆಗಸ್ಟ್ 15)

ದಕ್ಷಿಣಕ್ಕೆ ಹೋಗುವಾಗ ಕೆಂಪು ಬಲಕ್ಕೆ, ಹಸಿರು ಎಡಕ್ಕೆ. ಆದರೆ ಕೇಪ್ ಫಿಯರ್ ನದಿಯಂಥಲ್ಲಿ ಹಡಗಿನ ದಾರಿಯೂ ಒಳದಾರಿಯೂ ಒಂದೇ ಆಗ್ತದೆ. ಸ್ನೋಸ್ ಕಟ್‌ನಿಂದ ನದಿಗೆ ಬಿದ್ದು ಕೆಳಗೆ ಹೋಗುವಾಗ ಕೆಂಪು ತಟ್ಟನೆ ಎಡಕ್ಕೆ ಬರ್ತದೆ. ಗಾಬರಿ ಬೇಡ, ಗುರುತಿನ ಮೇಲೆ ಸಣ್ಣ ಹಳದಿ ಚಿಹ್ನೆ ಇರ್ತದೆ, ಅದನ್ನು ಕಾಣಿ. ಹಳದಿ ತ್ರಿಕೋನ ಯಾವಾಗಲೂ ಬಲಕ್ಕೆ, ಹಳದಿ ಚೌಕ ಎಡಕ್ಕೆ. ಗುರುತಿನ ಬಣ್ಣ ಯಾವುದಾದರೂ ಇರಲಿ.

ರೇಡಿಯೋ: ಸೇತುವೆಯವರನ್ನು ವರ್ಜೀನಿಯಾ, ನಾರ್ತ್ ಕೆರೋಲಿನಾದಲ್ಲಿ 13ನೇ ಚಾನೆಲ್‌ನಲ್ಲಿ ಕರೆಯಿರಿ, ಸೌತ್ ಕೆರೋಲಿನಾದಿಂದ ಕೆಳಗೆ 9.

ಹುಬ್ಬಳ್ಳಿ ಹಾಯಿ (ಆಗಸ್ಟ್ 16)

ಇನ್ನೊಂದೆರಡು. ಓನ್ಸ್ಲೋ ಬೀಚ್ ಹತ್ರ ಮಿಲಿಟರಿಯವರು ಗುಂಡು ಹಾರಿಸೂ ಅಭ್ಯಾಸ ಮಾಡ್ತಾರ, ಆವಾಗ ದಾರಿ ಬಂದ್. ತಾಸಗಟ್ಲೆ ನಿಲ್ಲಬೇಕಾಗ್ತದ. ಮಿರ್ಟಲ್ ಬೀಚ್ ಮ್ಯಾಲಿನ ಕಲ್ಲಿನ ಕಾಲುವಿ, ಮಂದಿ 'ರಾಕ್ ಪೈಲ್' ಅಂತಾರ, ಬಂಡೆ ಒಡದು ಮಾಡ್ಯಾರ, ಬದಿಗೆ ಕಲ್ಲಿನ ಹಲ್ಲು ಅದಾವು. ಕೆಸರಿಗೆ ಬಡದ್ರ ನಾಚಿಕಿ, ಅಲ್ಲಿ ಬಡದ್ರ ದೋಣಿಗೆ ತೂತ. ಒಳಗ ಹೋಗೂ ಮುಂದ ರೇಡಿಯೋದಾಗ ಕೂಗಿ ಕೇಳ್ರಿ, ಎದುರಿಂದ ಬಾರ್ಜ್ (ಸರಕಿನ ಚಪ್ಪಟಿ ದೋಣಿ) ಬರಾಕತ್ತದ ಏನು ಅಂತ. ಮತ್ತ ಜಗ್ಗಿ ಬಿಡಸೂ ದೋಣಿಯವರ ವರ್ಷದ ಸದಸ್ಯತ್ವ ಇಲ್ಲದ ಮನಿ ಬಿಟ್ಟು ಹೊರಡಬ್ಯಾಡ್ರಿ.

ಕಗ್ಗ (ಆಗಸ್ಟ್ 18)

ನಾನು ಕುಮಟಾದವ, ಸೌತ್ ಕೆರೋಲಿನಾದಲ್ಲಿ ಪಾಠ ಹೇಳ್ತೇನೆ. ದೋಣಿಯ ಬಗ್ಗೆ ಏನೂ ಗೊತ್ತಿಲ್ಲ. ಆದರೆ ನೀವು ರಾಕ್ ಪೈಲ್ ದಾಟಿದ ಮೇಲೆ ವಕಮಾ ನದಿ ಬರುತ್ತದೆ, ಜಾರ್ಜ್‌ಟೌನ್‌ವರೆಗೆ. ಅಲ್ಲಿ ದಡ ನೋಡುತ್ತಾ ನಿಧಾನ ಹೋಗಿ. ನೀರಂಚಿನ ಹುಲ್ಲುಗಾವಲಿನಲ್ಲಿ ನೇರ ಗೆರೆಗಳು ಕಾಣುತ್ತವೆ. ಅವು ಭತ್ತದ ಗದ್ದೆಯ ಬದುಗಳು. 1840ರ ಹೊತ್ತಿಗೆ ಅಮೆರಿಕದ ಭತ್ತದಲ್ಲಿ ಹೆಚ್ಚುಕಡಿಮೆ ಅರ್ಧ ಈ ಜಾರ್ಜ್‌ಟೌನ್ ಸೀಮೆಯಲ್ಲೇ ಬೆಳೆಯುತ್ತಿತ್ತು. ಬೆಳೆದವರು ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದ ಜನ, ಭತ್ತದ ವಿದ್ಯೆಯೂ ಬಹುಮಟ್ಟಿಗೆ ಅವರದ್ದೇ.

ನನ್ನ ತಲೆ ತಿರುಗಿದ್ದು ಇದಕ್ಕೆ: ನಮ್ಮ ಅಘನಾಶಿನಿ ಹಿನ್ನೀರಿನ ಗಜನಿ ಗದ್ದೆಯಲ್ಲೂ ಉಬ್ಬರ ಇಳಿತಕ್ಕೆ ತಕ್ಕಂತೆ ಹಲಗೆ ಹಾಕಿ ತೆಗೆದು ಕಗ್ಗ ಬೆಳೆಯುತ್ತಾರೆ. ಅದು ಉಪ್ಪು ನೀರು ತಡೆಯುವ ಭತ್ತ. ಇಲ್ಲಿನದು ತಡೆಯುವುದಿಲ್ಲ. ಆದ್ದರಿಂದ ಇವರು ಇನ್ನೂ ಮೇಲಕ್ಕೆ, ಉಬ್ಬರ ಮುಟ್ಟುವ ಆದರೆ ಉಪ್ಪು ಮುಟ್ಟದ ಜಾಗ ಹುಡುಕಿ ಗದ್ದೆ ಮಾಡಿದರು. ಸಮುದ್ರ ಕೆಳಗಿನಿಂದ ತಳ್ಳಿದಾಗ ನದಿಯ ಸಿಹಿನೀರು ಏರುತ್ತದೆ, ಆಗ ತೂಬು ತೆರೆದರೆ ಗದ್ದೆ ತುಂಬಿತು. ಪಂಪಿಲ್ಲ, ಏತವಿಲ್ಲ.

ಚುಕ್ಕಾಣಿ ಚಂದ್ರು (ಆಗಸ್ಟ್ 18)

ಸರ್, ವಕಮಾಗೆ ಒಂದು ದಿನ ಜಾಸ್ತಿ ಹಾಕಿದೆ. ಹಸಿರು ಬಣ್ಣ.

ಚುಕ್ಕಾಣಿ ಚಂದ್ರು (ನವೆಂಬರ್ 2)

ಗ್ರೇಟ್ ಬ್ರಿಡ್ಜ್ ಧಕ್ಕೆಯಲ್ಲಿದ್ದೇವೆ. ಗಿಲ್ಮರ್ಟನ್ ಸೇತುವೆಗೆ ಕಾದದ್ದು ಸೇರಿ ಇಡೀ ದಿನಕ್ಕೆ ಹನ್ನೆರಡು ಮೈಲಿ. ಶೀಟಿನಲ್ಲಿ 50 ಅಂತಿತ್ತು. ಲಾಕ್‌ನಲ್ಲಿ ಮುಂದಿನ ದೋಣಿಯವರು ನಮ್ಮ ಹಗ್ಗ ಹಿಡಿದು ಕಟ್ಟಿಕೊಟ್ಟರು. ಇಲ್ಲಿ ಎಂಟು ದೋಣಿ ಸಾಲಾಗಿವೆ, ಎಲ್ಲರದ್ದೂ ಒಂದೇ ಮಾತು: ಆಲ್ಬೆಮಾರ್ಲ್ ಯಾವಾಗ?

ಚುಕ್ಕಾಣಿ ಚಂದ್ರು (ನವೆಂಬರ್ 7)

ಕಾಯಿನ್‌ಜಾಕ್. ನಾಲ್ಕನೇ ದಿನ. ಈಶಾನ್ಯದ ಗಾಳಿ 25 ನಾಟ್. ಶೀಟಿನ ಪ್ರಕಾರ ಈಗ ನಾನು ರೈಟ್ಸ್‌ವಿಲ್ ಬೀಚ್‌ನಲ್ಲಿ ಮೀನು ನೋಡುತ್ತಾ ಕೂತಿರಬೇಕಿತ್ತು. ಚಳಿ ಮೂಳೆಗೆ ಇಳಿಯುತ್ತದೆ. ಸಣ್ಣ ಹೀಟರ್ ತಂದದ್ದು ಪುಣ್ಯ. ಎರಡು ಲಂಗರು ಅಕ್ಕ, ಬೇಯಿಸಿದ ಆಲೂಗಡ್ಡೆ ಚೆನ್ನಾಗಿದೆ. ನಾಲ್ಕು ದಿನ ತಿನ್ನುವಷ್ಟಲ್ಲ.

ಎರಡು ಲಂಗರು (ನವೆಂಬರ್ 7)

ಗಾಳಿ ತಗ್ಗಿದ ಮೇಲೂ ಅಲೆ ಇಳಿಯಲು ಅರ್ಧ ದಿನ ಬಿಡಿ. ಪಕ್ಕದವರು ಹೊರಟರು ಅಂತ ಹೊರಡಬೇಡಿ.

ಚುಕ್ಕಾಣಿ ಚಂದ್ರು (ನವೆಂಬರ್ 17)

ವಕಮಾದಲ್ಲಿ ಲಂಗರು. ಕಗ್ಗ ಸರ್, ಬದುಗಳು ಕಂಡವು. ಸಂಜೆ ಇಳಿತಕ್ಕೆ ಇನ್ನೂ ಸ್ಪಷ್ಟವಾದವು. ಮನೆಯವರು ಬಹಳ ಹೊತ್ತು ಹೊರಗೇ ಕೂತಿದ್ದರು. ಅವರ ತಾಯಿ ನಾಟಿಗೆ ಹೋಗುತ್ತಿದ್ದವರು.

ಚುಕ್ಕಾಣಿ ಚಂದ್ರು (ನವೆಂಬರ್ 24)

ಮಾಣಿ, ಬೈಯಬೇಡಿ. ಲಿಟಲ್ ಮಡ್ ರಿವರ್‌ಗೆ ಇಳಿತದಲ್ಲೇ ನುಗ್ಗಿದೆ. ಗುರುವಾರದ ಊಟ ತಲೆಯಲ್ಲಿತ್ತು. ಸಂಜೆಯೊಳಗೆ ಮುಂದಿರುವ ಊರು ಬ್ರನ್ಸ್‌ವಿಕ್ ಸೇರಬೇಕು, ಕಾದರೆ ಕತ್ತಲಾಗುತ್ತದೆ ಅಂತ ಲೆಕ್ಕ ಹಾಕಿದೆ. ಡೆಪ್ತ್ ಮೀಟರ್ 7 ಅಂತು, 6 ಅಂತು, ಆಮೇಲೆ ಏನೂ ಅನ್ನಲಿಲ್ಲ, ಮೆತ್ತಗೆ ನಿಂತುಬಿಟ್ಟೆವು. ಸದ್ದೂ ಇಲ್ಲ. ಬೆಣ್ಣೆಯಲ್ಲಿ ಚಾಕು ನಿಂತ ಹಾಗೆ.

ಗಂಗೊಳ್ಳಿ ಮಾಣಿ (ನವೆಂಬರ್ 24)

ಇಳಿತ ಮುಗಿಯಲಿಕ್ಕೆ ಎಷ್ಟು ಹೊತ್ತು ಉಂಟು?

ಚುಕ್ಕಾಣಿ ಚಂದ್ರು (ನವೆಂಬರ್ 24)

ಒಂದು ಗಂಟೆ.

ಗಂಗೊಳ್ಳಿ ಮಾಣಿ (ನವೆಂಬರ್ 24)

ಹಾಗಾದ್ರೆ ಬಚಾವು. ಕಡೇ ಗಂಟೆ, ಒಂದೇ ಪಾಲು. ಇನ್ನು ಅರ್ಧ ಮುಕ್ಕಾಲು ಅಡಿ ಇಳಿಯಬಹುದು, ದೋಣಿ ಚೂರು ವಾಲ್ತದೆ ಅಷ್ಟೆ. ಇಳಿತ ತಿರುಗಿ ಒಂದೂವರೆ ಗಂಟೆಗೆ ತೇಲ್ತೀರಿ. ಎಂಜಿನ್ ಕೊಟ್ಟು ಒದ್ದಾಡಬೇಡಿ, ಕೆಸರೆಲ್ಲ ನೀರಿನ ಪೈಪಿಗೆ ಹೋಗ್ತದೆ. ಲಂಗರು ಬಿಡಿ, ಚಾ ಕುಡಿಯಿರಿ. ಬ್ರನ್ಸ್‌ವಿಕ್ ಇವತ್ತು ಬೇಡ. ತೇಲಿದ ಕೂಡಲೇ ದಾಟಿ ಮೊದಲು ಸಿಕ್ಕಿದ ಆಳದ ಜಾಗದಲ್ಲಿ ರಾತ್ರಿ ಕಳೆಯಿರಿ.

ಹುಬ್ಬಳ್ಳಿ ಹಾಯಿ (ನವೆಂಬರ್ 24)

ನಾ ಏನೂ ಅನ್ನೂದಿಲ್ರೀ.

ಚುಕ್ಕಾಣಿ ಚಂದ್ರು (ನವೆಂಬರ್ 25)

ಎರಡೂವರೆ ಗಂಟೆ ಕಳೆದ ಮೇಲೆ ತೇಲಿದೆವು, ಮಾಣಿ ಹೇಳಿದ ಲೆಕ್ಕಕ್ಕೆ ಸರಿಯಾಗಿ. ಇವತ್ತು ಮಧ್ಯಾಹ್ನ ಬ್ರನ್ಸ್‌ವಿಕ್ ಸೇರಿದೆವು. ದೋಣಿ ಇಲ್ಲೇ ಕಟ್ಟಿ ಬಿಡುತ್ತೇವೆ, ಮಗಳು ಕಾರು ತಂದು ಕರೆದೊಯ್ಯುತ್ತಾಳೆ, ಒಂದೂಕಾಲು ಗಂಟೆಯ ದಾರಿ. ವಾಪಸ್ ಬಂದ ಮೇಲೆ ಜೆಕಿಲ್ ಕ್ರೀಕ್ ಅರ್ಧ ಉಬ್ಬರಕ್ಕೆ, ಆಮೇಲೆ ಕಂಬರ್‌ಲ್ಯಾಂಡ್ ದ್ವೀಪದಲ್ಲಿ ಮೂರು ದಿನ. ಅಲ್ಲಿ ಕಾಡುಕುದುರೆಗಳಿವೆಯಂತೆ. ಶೀಟಿನಲ್ಲಿ ಅದಕ್ಕೆ ಅರ್ಧ ದಿನ ಇತ್ತು.

ಕೆಳಗಿನದ್ದು ನಮ್ಮ ಮನೆಯವರು ಬರೆಯುತ್ತಿರುವುದು.

ನಮಸ್ಕಾರ. ದೋಣಿ ವಾಲಿದಾಗ ಒಲೆ ಮೇಲೆ ಬಿಸಿಬೇಳೆ ಬಾತ್ ಇತ್ತು, ಒಂದು ತೊಟ್ಟೂ ಚೆಲ್ಲಲಿಲ್ಲ. ಆದರೆ ಕುಕ್ಕರಿನ ಗ್ಯಾಸ್ಕೆಟ್ ಹರಿದಿದೆ. ಐದು ಲೀಟರಿನದು, ಒಳಮುಚ್ಚಳದ್ದು. ಜಾಕ್ಸನ್‌ವಿಲ್‌ನಲ್ಲಿ ಎಲ್ಲಿ ಸಿಗುತ್ತೆ ಯಾರಿಗಾದರೂ ಗೊತ್ತಾ? ಎರಡು ತಗೋಬೇಕು. ಈ ಮನುಷ್ಯ ಈಗ ಮಯಾಮಿ ಅಂತ ಇನ್ನೊಂದು ಶೀಟು ತೆರೆದಿದ್ದಾರೆ.